ಬಾವಿಗೆ ಬಿದ್ದ ಆನೆಯ ಕಥೆ ಮುಗಿದದ್ದು ಹೇಗೆ

ಹತ್ತಿರ ಬನ್ನಿ ಮಕ್ಕಳೇ, ಕೇಳಿ. ನೆಲ್ಲಿಪುರ ಅಂತ ಒಂದು ರಾಜ್ಯ. ಅದನ್ನು ಆಳುತ್ತಿದ್ದವಳು ಒಬ್ಬ ರಾಣಿ. ಆ ಊರಲ್ಲಿ ನಾಲ್ಕು ಜನಕ್ಕೆ ಕಥೆ ಬರೆಯುವ ಹುಚ್ಚು. ಹೂ ಕಟ್ಟುವ ತಿಪ್ಪವ್ವ, ಕುಂಬಾರ ಮಾದಪ್ಪ, ಸೂಲಗಿತ್ತಿ ಕೆಂಚವ್ವ, ಗಾಣಿಗರ ಗುರುಬಸ. ಪ್ರತಿ ಸೋಮವಾರ ಒಟ್ಟಿಗೆ ಕೂತು ಬರೆಯೋದು, ಬರೆದದ್ದನ್ನು ಓದೋದು.

ರಾಣಿ ಮೆಚ್ಚಿ ಕೆರೆ ಪಕ್ಕದ ಮಂಟಪ ಕೊಟ್ಟಳು. ಒಂದೇ ಷರತ್ತು. "ನಾಲ್ವರೂ ಸೇರಬೇಕು. ಸಾಲಾಗಿ ಮೂರು ವಾರ ತಪ್ಪಿದರೆ ಮಂಟಪ ವಾಪಸ್ ತಗೋತೀನಿ."

ಅರಮನೆಯ ಕರಣಿಕ ನಂಜರಸನಿಗೆ ಆ ಮಂಟಪದ ಮೇಲೆ ಕಣ್ಣು. ಅಲ್ಲಿ ತನ್ನ ಕುದುರೆ ಕಟ್ಟುವ ಆಸೆ. ಅವನೇನು ಮಾಡಿದ?

ಮಾದಪ್ಪನ ಹತ್ತಿರ ಹೋದ. "ಮಣ್ಣು ತುಳಿಯೋನ ಕಥೆ ಯಾರಯ್ಯ ಕೇಳ್ತಾರೆ?" ಅಂದ. ಕೆಂಚವ್ವನ ಹತ್ತಿರ ಹೋದ. "ನೀನು ಅಲ್ಲಿ ಬರೀತಾ ಕೂತಾಗ ಯಾರಿಗಾದರೂ ಹೆರಿಗೆ ನೋವು ಬಂದರೆ?" ಅಂದ. ಗುರುಬಸನ ಹತ್ತಿರ ಹೋದ. "ನಿನ್ನ ಕಥೆ ಕೇಳಿ ಅವರೆಲ್ಲ ನಗ್ತಾರಂತೆ" ಅಂದ.

ಮೊದಲ ಸೋಮವಾರ ಮಾದಪ್ಪ ಬರಲಿಲ್ಲ. ಎರಡನೇ ಸೋಮವಾರ ಮೂವರೂ ಬರಲಿಲ್ಲ. ತಿಪ್ಪವ್ವ ಒಬ್ಬಳೇ ಕೂತು ಕೂತು, ಒಂದು ಸಾಲೂ ಬರೆಯಲಾಗದೆ ಎದ್ದಳು. ಅಳು ಬಂತು. ಅಳುವಾಗಲೂ ತಲೆಯಲ್ಲಿ ಒಂದು ಪ್ರಶ್ನೆ ಕೊರೀತಾನೇ ಇತ್ತು. ಸೀದಾ ಮಾದಪ್ಪನ ಮನೆಗೆ ನಡೆದಳು.

"ಮಾದಣ್ಣ, ನಿನ್ನ ಕಥೆಯ ಆನೆ ಬಾವಿಗೆ ಬಿತ್ತಲ್ಲ, ಮೇಲೆ ಬಂತಾ?"

"ಇನ್ನೂ ಬರೆದಿಲ್ಲ ಕಣವ್ವ."

"ಅಯ್ಯೋ ಪಾಪ, ಎರಡು ವಾರದಿಂದ ಅದು ನೀರಲ್ಲೇ ನಿಂತಿದೆಯಾ!"

ಮಾದಪ್ಪ ತಿರುಗುತ್ತಿದ್ದ ತಿಗರಿ ನಿಲ್ಲಿಸಿದ. ಅವನಿಗೂ ಆನೆಯ ಚಿಂತೆ ಹತ್ತಿತು.

ತಿಪ್ಪವ್ವ ಅಲ್ಲಿಂದ ಕೆಂಚವ್ವನ ಮನೆಗೆ ಹೋದಳು. "ಕೆಂಚಕ್ಕ, ನಿನ್ನ ಕಥೆಯ ಆ ಮುದುಕಿಯ ಪೆಟ್ಟಿಗೆಯಲ್ಲಿ ಏನಿತ್ತು?"

"ಅದಿರಲಿ, ನಾನು ಬರೀತಾ ಕೂತಾಗ ಯಾರಿಗಾದರೂ ನೋವು ಬಂದರೆ?"

"ಮಂಟಪಕ್ಕೇ ಬಂದು ಕರೀತಾರೆ, ಎದ್ದು ಹೋಗು. ಉಳಿದದ್ದು ಮುಂದಿನ ವಾರ ಓದು."

ಕೊನೆಗೆ ಗುರುಬಸನ ಮನೆಗೆ ಹೋದಳು. ಅವನು ಮುಖ ಊದಿಸಿಕೊಂಡಿದ್ದ. "ನೀವೆಲ್ಲ ನಗ್ತೀರಂತೆ?"

"ನಗ್ತೀವಿ! ನಿನ್ನ ಕಥೆಯಲ್ಲಿ ಹೆಂಡತಿ ಎತ್ತಿನ ಬದಲು ಗಂಡನನ್ನೇ ಗಾಣಕ್ಕೆ ಕಟ್ಟಿದರೆ ನಗದೆ ಇರ್ತೀವಾ? ಅವನು ಬಿಡಿಸಿಕೊಂಡನಾ, ಹೇಳು."

ಗುರುಬಸನಿಗೇ ನಗು ಬಂತು. ಚಾಡಿ ಹೇಳಿದ್ದು ಯಾರು ಅಂತ ಕೇಳಿದರೆ ಮೂವರ ಬಾಯಲ್ಲೂ ಒಂದೇ ಹೆಸರು.

ಮೂರನೇ ಸೋಮವಾರ ರಾಣಿ ಖುದ್ದಾಗಿ ನೋಡಲು ಬಂದಳು. ನಾಲ್ವರೂ ಕೂತಿದ್ದರು. ಮಂಟಪ ಖಾಲಿ ಇರುತ್ತೆ ಅಂತ ಕುದುರೆ ಹಿಡಿದು ಬಂದಿದ್ದ ನಂಜರಸ, ಮಾತು ಕೇಳಿ ಕುದುರೆಯನ್ನು ದೂರದ ಮರಕ್ಕೆ ಕಟ್ಟಿ ಗೋಡೆ ಹಿಂದೆ ಅಡಗಿದ. ಅವನ ಪೇಟ ತಿಪ್ಪವ್ವನ ಕಣ್ಣಿಗೆ ಬಿತ್ತು. "ಮಾದಣ್ಣ, ನಾನು ಕೈ ಎತ್ತಿದಾಗ ಓದೋದು ನಿಲ್ಲಿಸು," ಅಂತ ಪಿಸುಗುಟ್ಟಿದಳು.

ಮಾದಪ್ಪ ಓದಿದ. ಆನೆಯ ಹೊಟ್ಟೆಗೆ ಹಗ್ಗ ಬಿಗಿದರು. ಊರೆಲ್ಲ ಸೇರಿ ಎಳೆದರು. ಹಗ್ಗದ ಒಂದೊಂದೇ ಎಳೆ ಹರಿಯತೊಡಗಿತು...

ತಿಪ್ಪವ್ವ ಕೈ ಎತ್ತಿದಳು. ಮಾದಪ್ಪ ನಿಲ್ಲಿಸಿದ.

ಗೋಡೆ ಹಿಂದಿನಿಂದ ಒಂದು ದನಿ: "ಮುಂದೆ ಓದೋ ಮಾರಾಯ! ಆನೆ ಮೇಲೆ ಬಂತೋ ಇಲ್ವೋ?"

"ಯಾರದು?" ಅಂದಳು ರಾಣಿ. ನಂಜರಸ ತಲೆ ತಗ್ಗಿಸಿ ಹೊರಗೆ ಬಂದ.

"ಮಣ್ಣು ತುಳಿಯೋನ ಕಥೆ ಯಾರು ಕೇಳ್ತಾರೆ ಅಂದಿರಂತೆ ಬುದ್ಧಿ. ನೀವೇ ಕೇಳಿದಿರಿ," ಅಂದಳು ತಿಪ್ಪವ್ವ. ನಡೆದದ್ದೆಲ್ಲ ರಾಣಿಗೆ ಹೇಳಿದಳು.

ರಾಣಿ ಅಂದಳು, "ನಂಜರಸ, ನಿನ್ನ ಅಕ್ಷರ ಮುದ್ದಾಗಿದೆ. ಇನ್ನು ಪ್ರತಿ ಸೋಮವಾರ ಈ ಮಂಟಪ ಗುಡಿಸು. ಇವರ ಕಥೆಗಳನ್ನು ಕೂತು ನಕಲು ಮಾಡು."

ಆನೆ ಮೇಲೆ ಬಂತು. ಆ ವರ್ಷ ನಾಲ್ಕು ಕಥೆಗಳೂ ಮುಗಿದವು.

ನೀತಿ ಇಷ್ಟೇ ಮಕ್ಕಳೇ. ಒಟ್ಟಿಗೆ ಬರೆಯುವವರು ಚಾಡಿ ಮಾತಿಗೆ ಕಿವಿ ಕೊಡಬಾರದು. ಜೊತೆಯವರು ಸೋತು ಕೂತರೆ ಬೈಯಬೇಡಿ. "ನಿಮ್ಮ ಕಥೆ ಎಲ್ಲಿಗೆ ಬಂತು?" ಅಂತ ಮನಸಾರೆ ಕೇಳಿ. ಕೇಳುವವರು ಒಬ್ಬರಿದ್ದರೂ ಸಾಕು, ಬರೆಯುವವರು ಎದ್ದು ಬರುತ್ತಾರೆ.