ಹಾಲುಪಾಲಿನ ಕಟ್ಟೆ

ಕೃಷ್ಣೆಯ ದೋಣಿ ನಿಲ್ಲುವ ದಡದಿಂದ ನೆಲಗುಂದಿಗೆ ಏರಿ ಬರುವ ದಾರಿಯಲ್ಲಿ, ಬೇವಿನ ಮರದ ಕೆಳಗೆ ಒಂದು ಕಲ್ಲುಕಟ್ಟೆಯಿದೆ. ಪಕ್ಕದಲ್ಲೇ ಸುಣ್ಣ ಬಳಿದ ಪುಟ್ಟ ಗೋರಿ. ಅದು ಪಾರಸಿ, ದಖನಿ, ಕನ್ನಡ, ತೆಲುಗು, ಮರಾಠಿ ಎಲ್ಲದರಲ್ಲೂ ಹಾಡು ಕಟ್ಟುತ್ತಿದ್ದ ಖಮರ್ ಷಾ ಎಂಬ ಸೂಫಿ ಕವಿಯದು. ಊರವರು ಇದನ್ನು ದರ್ಗಾ ಎನ್ನುವುದು ಕಡಿಮೆ, ಹಾಲುಪಾಲಿನ ಕಟ್ಟೆ ಎಂದೇ ಕರೆಯುತ್ತಾರೆ. ಆ ಹೆಸರು ಬಂದದ್ದು ಸೂರಮ್ಮ ಎಂಬ ಮದುಮಗಳಿಂದ.

ಬಹಳ ಹಿಂದೆ, ಹೊಳೆಯಾಚೆಯ ತೆಲುಗು ಸೀಮೆಯಿಂದ ಸೂರಮ್ಮನನ್ನು ನೆಲಗುಂದಿಯ ಹಂಪಣ್ಣನ ಕಿರಿಯ ಮಗನಿಗೆ ತಂದುಕೊಂಡರು. ಹಂಪಣ್ಣನದು ನಾಲ್ವರು ಗಂಡುಮಕ್ಕಳ ಒಟ್ಟು ಮನೆ. ಅದು ಒಡೆಯಬಾರದೆಂಬುದೊಂದೇ ಅವನ ಹೆಂಡತಿ ದೊಡ್ಡಬಸಮ್ಮನ ಚಿಂತೆ. ದಿಬ್ಬಣ ದಣಿವಾರಿಸಿಕೊಳ್ಳಲು ಕಟ್ಟೆಯ ಬಳಿ ನಿಂತಿತು. ಬೆಳಗಿನಿಂದ ಏನೂ ತಿನ್ನದ ಸೂರಮ್ಮನ ಹೊಟ್ಟೆ ಚುರುಗುಟ್ಟುತ್ತಿತ್ತು. ಅತ್ತೆ ಅಕ್ಕರೆಯಿಂದ ಬಾಗಿ, "ಏನ್ ಬೇಕವ್ವಾ?" ಎಂದಳು. ಅತ್ತೆಯ ಕೈಸನ್ನೆಯಿಂದಲೇ ಅರ್ಥ ಮಾಡಿಕೊಂಡ ಸೂರಮ್ಮ ತನ್ನ ಭಾಷೆಯಲ್ಲಿ ಮೆಲ್ಲಗೆ, "ನಾಕು ಪಾಲು" ಎಂದಳು.

ದೊಡ್ಡಬಸಮ್ಮ ಬೆಚ್ಚಿಬಿದ್ದಳು. ಹೊಸ್ತಿಲು ತುಳಿಯುವ ಮೊದಲೇ ಮನೆ-ಹೊಲ ನಾಕು ಪಾಲಾಗಬೇಕೆನ್ನುವ ಸೊಸೆ! ಮಾತು ಬಾಯಿಂದ ಬಾಯಿಗೆ ಹಬ್ಬಿತು. "ಗಾಡಿ ತಿರುಗಸ್ರಿ, ಈ ಹುಡುಗಿ ನಮಗ ಬ್ಯಾಡ" ಎಂದುಬಿಟ್ಟ ಹಂಪಣ್ಣ. ಸೂರಮ್ಮನಿಗಾಗಲಿ, ಜೊತೆಗೆ ಬಂದ ಅವಳ ಕಡೆಯವರಿಗಾಗಲಿ ಮಾತು ತಿಳಿಯಲಿಲ್ಲ, ಸುತ್ತಲಿನ ಮುಖಗಳು ತಿಳಿದವು. ತಾನು ಮಾಡಿದ ತಪ್ಪೇನೆಂದು ಗೊತ್ತಾಗದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು.

ಬೇವಿನ ನೆರಳಲ್ಲಿ ಹಾಡು ಗುನುಗುತ್ತಿದ್ದ ಖಮರ್ ಷಾ ಎದ್ದುಬಂದು ತೆಲುಗಿನಲ್ಲಿ ಅವಳನ್ನು ಮಾತನಾಡಿಸಿದ. ತಾಯ್ನುಡಿ ಕಿವಿಗೆ ಬಿದ್ದೊಡನೆ ಅವಳ ಬಿಕ್ಕು ನಿಂತಿತು. ಅವಳು ಹೇಳಿದ್ದನ್ನು ಕೇಳಿದ ಫಕೀರ ನಗು ತಡೆಯಲಾರದೆ ಕಟ್ಟೆಯ ಮೇಲೆ ಕೂತೇಬಿಟ್ಟ. "ತಾಯೀ, ಇವಳ ಮಾತಿನಾಗ ನಾಕು ಅಂದ್ರ ನನಗ, ಪಾಲು ಅಂದ್ರ ಹಾಲು. ಹಸದ ಕೂಸು ಹಾಲು ಕೇಳ್ಯಾದ, ನೀವು ಹೊಲ ಅಳ್ಯಾಕ ಹೊಂಟೀರಿ" ಎಂದ.

ದೊಡ್ಡಬಸಮ್ಮ ನಾಚಿ, ತಾನೇ ಓಡಿಹೋಗಿ ಹತ್ತಿರದ ಕೊಟ್ಟಿಗೆಯಿಂದ ಹಾಲು ತಂದು ಸೊಸೆಗೆ ಕುಡಿಸಿದಳು. ಒಂದು ಸಾಲು ಕನ್ನಡ, ಒಂದು ಸಾಲು ತೆಲುಗು ಬರುವಂತೆ ಖಮರ್ ಷಾ ಅಲ್ಲೇ ಒಂದು ಸೋಬಾನೆ ಕಟ್ಟಿದ. ಬೀಗರು ತಮತಮಗೆ ತಿಳಿದ ಸಾಲಿಗೆ ದನಿಗೂಡಿಸುತ್ತ ಊರು ಹೊಕ್ಕರು. ಫಕೀರನೂ ಕಟ್ಟೆಯ ಬಳಿಯೇ ನೆಲೆನಿಂತ; ಸೂರಮ್ಮ ಕನ್ನಡ ಕಲಿತದ್ದು ಅವನ ಹಾಡುಗಳಿಂದಲೇ ಎನ್ನುತ್ತಾರೆ.

ಇಂದಿಗೂ ನೆಲಗುಂದಿಗೆ ಬರುವ ಹೊಸ ಸೊಸೆಯನ್ನು ಮೊದಲು ಈ ಕಟ್ಟೆಯ ಮೇಲೆ ಕೂರಿಸುತ್ತಾರೆ. ಅತ್ತೆ ಹಾಲಿನ ಬಟ್ಟಲು ಹಿಡಿದು, ನಿಮ್ಮ ಕಡೆ ಇದಕ್ಕೆ ಏನಂತೀರಿ ಎಂದು ಕೇಳಬೇಕು. ಸೊಸೆ ಪಾಲು ಎಂದರೆ ಪಾಲು, ದೂಧ್ ಎಂದರೆ ದೂಧ್. ಅತ್ತೆ ಅದನ್ನು ಸರಿಯಾಗಿ ತಿರುಗಿ ನುಡಿಯುವ ತನಕ ಸೊಸೆ ಬಟ್ಟಲು ಮುಟ್ಟುವುದಿಲ್ಲ. ಅತ್ತೆಯರ ನಾಲಿಗೆ ತಡವರಿಸುವುದನ್ನು ನೋಡಲೆಂದೇ ಸುತ್ತಲಿನ ಹಳ್ಳಿಗಳ ಹೆಂಗಸರು ಬಂದು ನೆರೆದಿರುತ್ತಾರೆ.