ಮೈಸ್ಟರ್ ಮತ್ತು ಮೇಸ್ತ್ರಿ

"ಗುರುಗಳೇ, ಜರ್ಮನ್ ಭಾಷೆಯಲ್ಲಿ ಊರಿನ ಮುಖ್ಯಸ್ಥನಿಗೆ ಬ್ಯೂರ್ಗರ್‌ಮೈಸ್ಟರ್ ಎನ್ನುತ್ತಾರೆ. ಬ್ಯೂರ್ಗರ್ ಎಂದರೆ ಊರಿನ ಪ್ರಜೆ, ಮೈಸ್ಟರ್ ಎಂದರೆ ಒಡೆಯ. ಜನರೇ ಆರಿಸಿದವನು ಜನರಿಗೆ ಒಡೆಯನಾಗುವುದು ಹೇಗೆ?"

ಹೀಗೆ ಕೇಳಿದವಳು ಪದ್ಮಲತೆ. ಹಗಲು ಜರ್ಮನ್ ಕಲಿಯುತ್ತಿದ್ದಳು, ಸಂಜೆ ವಸುಪಾಲ ಗುರುಗಳಲ್ಲಿ ವ್ಯಾಕರಣ ಓದುತ್ತಿದ್ದಳು.

ಗುರುಗಳು ನಕ್ಕರು. "ಮೈಸ್ಟರ್ ಎಂದರೆ ಕಸುಬು ಬಲ್ಲವನು, ಕಲಿಸುವವನು ಎಂದೂ ಆಗುತ್ತದಮ್ಮ. ಪೋರ್ಚುಗೀಸರಿಂದ ನಮಗೆ ಬಂದ ಮೇಸ್ತ್ರಿಯೂ ಅದೂ ಒಂದೇ ಲ್ಯಾಟಿನ್ ತಾಯಿಯ ಮಕ್ಕಳು. ಒಬ್ಬ ಮೇಸ್ತ್ರಿಯ ಕತೆ ಹೇಳುತ್ತೇನೆ, ಕೇಳು.

"ಕೋಟೆಯೊಳಗೊಂದು ಊರಿತ್ತು. ಊರಿಗೆಲ್ಲ ಒಂದೇ ಬಾವಿ. ಜನ ಒಬ್ಬ ಕಲ್ಲುಕೆಲಸದ ಮೇಸ್ತ್ರಿಯನ್ನು ಮುಖ್ಯಸ್ಥನನ್ನಾಗಿ ಆರಿಸಿದರು. ಅದೇ ವರ್ಷ ಬಾವಿಯ ಒಳಗೋಡೆ ಕುಸಿದು ನೀರು ಮುಚ್ಚಿಹೋಯಿತು.

"ದುಂಡನೆಯ ಗೋಡೆಗೆ ಕಲ್ಲು ಕೂರಿಸುವ ವಿದ್ಯೆ ಅವನೊಬ್ಬನಿಗೇ ಗೊತ್ತಿತ್ತು. ಅಪ್ಪ ಹೇಳಿಕೊಟ್ಟದ್ದು, ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಒಬ್ಬನೇ ಇಳಿದ. ಎಂಟು ದಿನಕ್ಕೆ ಒಂದು ಸುತ್ತು ಎದ್ದಿತು. ಅಷ್ಟರಲ್ಲಿ ಹತ್ತು ಮನೆಯವರು ಊರು ಬಿಡಲು ಗಾಡಿಗೆ ಸಾಮಾನು ಹೇರಿದ್ದರು.

"ನೀರು ಹೊರುವ ಮುದುಕಿಯೊಬ್ಬಳು ಬಾವಿಗೆ ಬಗ್ಗಿ ಕೂಗಿದಳು: 'ನೀನು ಮುಗಿಸುವ ಹೊತ್ತಿಗೆ ಕುಡಿಯಲು ಯಾರೂ ಉಳಿಯುವುದಿಲ್ಲ ಕಣೋ. ನಮಗೂ ತೋರಿಸು.'

"ಮೇಸ್ತ್ರಿ ಮತ್ತೊಂದು ಕಲ್ಲು ಕೂರಿಸತೊಡಗಿದ. ಎಲ್ಲರಿಗೂ ಬಂದರೆ ತನ್ನನ್ನು ಯಾರು ಕೇಳುತ್ತಾರೆ ಎಂಬ ಭಯ. ಕೊನೆಗೆ ಮೇಲೆ ಬಂದು ಗಾಡಿಗಳನ್ನು ನಿಲ್ಲಿಸಿದ. ನೇಕಾರನಿಗೆ, ಗಾಣಿಗನಿಗೆ, ಆ ಮುದುಕಿಗೂ ಕೈ ಹಿಡಿದು ಕಲಿಸಿದ. ವಕ್ರವಾಗಿ ಕೂತ ಕಲ್ಲನ್ನು ತೆಗೆಸಿ ಮತ್ತೆ ಕೂರಿಸಿದ. ಹದಿನೈದು ದಿನಕ್ಕೆ ಗೋಡೆ ನಿಂತಿತು, ನೀರು ತಿಳಿಯಾಯಿತು. ಗಾಡಿಗಳು ಮನೆಗೆ ತಿರುಗಿದವು.

"ಮರುವರ್ಷ ಮುಖ್ಯಸ್ಥನನ್ನು ಆರಿಸಲು ಜನ ಮತ್ತೆ ಸೇರಿದರು. ಮೇಸ್ತ್ರಿ ಎದ್ದು ನಿಂತ. 'ನನಗೆ ಬರುವುದೆಲ್ಲ ಈಗ ನಿಮಗೂ ಬರುತ್ತದೆ. ಬೇರೆ ಯಾರನ್ನಾದರೂ ಆರಿಸಿ' ಎಂದ.

"ಮುದುಕಿ ಗದರಿದಳು: 'ಕಲ್ಲು ಕೂರಿಸಲು ನಮಗೆ ಬರುತ್ತದೆ. ನೂರು ಸಲ ತಪ್ಪಿದವಳಿಗೆ ಬೈಯದೆ ಇನ್ನೊಂದು ಸಲ ತೋರಿಸಲು ಯಾರಿಗೆ ಬರುತ್ತದೆ? ಸುಮ್ಮನೆ ಕೂತುಕೋ.'

"ಎಲ್ಲರೂ ನಕ್ಕರು. ಮೇಸ್ತ್ರಿ ಕಣ್ಣೊರೆಸಿಕೊಂಡು ಕೂತ."

ಪದ್ಮಲತೆ ಪುಸ್ತಕ ಮಡಚಿ ಏಳಹೊರಟಳು. ಗುರುಗಳು ಹೇಳಿದರು:

"ನಾಳೆಯಿಂದ ಕಿರಿಯರ ಪಾಠ ನಿನ್ನದು."