ತೊಲೆಯನ್ನು ಯಾರೂ ಕೇಳಲಿಲ್ಲ

ಚೆನ್ನವೀರಯ್ಯನವರು ತಮ್ಮ ಮಣ್ಣಿನ ಮಾಳಿಗೆಯ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿದರು. "ಎಷ್ಟು ವರ್ಷ ಬಾಳುತ್ತೀಯಪ್ಪ? ಮೋಡ ಕವಿದರೂ ದೀಪ ಉರಿದೀತೆ?" ಎಂದು ಅದನ್ನೇ ವಿಚಾರಿಸಿ, ಅದು ಕೊಟ್ಟ ಉತ್ತರಕ್ಕೆ ತೃಪ್ತರಾದರು. ಪೂಜೆಗೆಂದು ಮನೆಯಾಕೆ ಮಾಳಿಗೆ ಹೊತ್ತ ತೊಲೆಗೆ ಕೆಮ್ಮಣ್ಣು ಬಳಿದಾಗ ಗೆದ್ದಲಿನ ತೂತುಗಳೆಲ್ಲ ಮುಚ್ಚಿಹೋದವು. ತೊಲೆ ಮೇಲಿದ್ದ ಪ್ಯಾನೆಲ್ಲನ್ನು ಕರೆಯಿತು.

"ತಮ್ಮಾ, ನನ್ನ ಒಳಗೆಲ್ಲ ಟೊಳ್ಳು. ನಿನ್ನ ಭಾರ ತಡೆಯಲಾರೆ. ಯಜಮಾನರು ನಿನ್ನನ್ನೇ ಮಾತಾಡಿಸುತ್ತಾರೆ, ನೀನಾದರೂ ಹೇಳು."

"ಕೇಳಿದ್ದಕ್ಕಷ್ಟೇ ಉತ್ತರ ಕೊಡುವವನು ನಾನು, ಮುದುಕಪ್ಪಾ!" ಎಂದು ಪ್ಯಾನೆಲ್ ನಕ್ಕಿತು.

ಆಷಾಢದ ಗಾಳಿ ಬೀಸಿದ ದಿನ ತೊಲೆ ಮುರಿದು ಮಾಳಿಗೆ ಕುಸಿಯಿತು. ಮಣ್ಣಿನ ರಾಶಿಯ ಮೇಲೆ ಒಡೆದು ಬಿದ್ದಿದ್ದ ಪ್ಯಾನೆಲ್, "ಅವರು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ," ಎಂದು ಗೊಣಗಿತು.

"ಕೇಳಬೇಕಾದವರು ನನ್ನ ಅಡಿಯಲ್ಲಿದ್ದಾರೆ," ಎಂದಿತು ತೊಲೆ. "ಉಸಿರಿಲ್ಲ."